ಹಾರ್ವಿ ಕರ್ಟ್ಸ್‌ಮನ್: ‘ಮ್ಯಾಡ್’ ಕಟ್ಟಿದವನು, ‘ಮ್ಯಾಡ್’ ಬಿಟ್ಟವನು

ಮುಂದಿನ ಹಲ್ಲೊಂದು ಇಲ್ಲದ, ಅಗಲ ಕಿವಿಯ, ಯಾವ ಚಿಂತೆಯೂ ತಟ್ಟದಂತೆ ನಗುವ ಹುಡುಗನೊಬ್ಬನ ಮುಖ ಅಮೆರಿಕದ ನಗೆ ಪತ್ರಿಕೆ ‘ಮ್ಯಾಡ್’ನ ಗುರುತು. ಆ ಮುಖವನ್ನು ಬಲ್ಲವರೆಲ್ಲ ಪತ್ರಿಕೆಯನ್ನು ಹುಟ್ಟುಹಾಕಿದವನನ್ನೂ ಬಲ್ಲರೆಂದು ಹೇಳಲಾಗದು. 1952ರಲ್ಲಿ ‘ಮ್ಯಾಡ್’ ಆರಂಭಿಸಿ, ಅದರ ಮೊದಲ 28 ಸಂಚಿಕೆಗಳನ್ನು ರೂಪಿಸಿ, 1956ರಲ್ಲಿ ಅದನ್ನು ತೊರೆದು ನಡೆದ ಹಾರ್ವಿ ಕರ್ಟ್ಸ್‌ಮನ್ ಇಪ್ಪತ್ತನೆಯ ಶತಮಾನದ ಹಾಸ್ಯ ಕಾಮಿಕ್ಸ್ ಕ್ಷೇತ್ರ ಕಂಡ ಅತ್ಯಂತ ಪ್ರಭಾವಶಾಲಿ ಸಂಪಾದಕರಲ್ಲೊಬ್ಬ. ಆತ ಲೇಖಕನೂ ಹೌದು, ಚಿತ್ರಕಾರನೂ ಹೌದು.

ಕರ್ಟ್ಸ್‌ಮನ್‌ನ ವೃತ್ತಿಜೀವನವನ್ನು ಎರಡು ಹಟಗಳು ನಡೆಸಿದವು. ಬರೆಯುವ ವಸ್ತುವನ್ನು ಕೂಲಂಕಷವಾಗಿ ಅರಿಯದೆ ಅದನ್ನು ಮುಟ್ಟಬಾರದೆಂಬುದು ಮೊದಲನೆಯದು. ತಾನು ಕಟ್ಟಿದ್ದರ ಮೇಲೆ ಅಧಿಕಾರ ತನಗೇ ಇರಬೇಕೆಂಬುದು ಎರಡನೆಯದು. ಮೊದಲ ಹಟ ಆತನಿಗೆ ಕೀರ್ತಿ ತಂದಿತು. ಎರಡನೆಯದು ಆತನನ್ನು ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ಅಲೆಸಿತು. ಹಾಗೆ ಅಲೆದ ದಾರಿಯಲ್ಲಿ ಆತ ನಷ್ಟವನ್ನೂ ಅನುಭವಿಸಿದ, ಮುಂದಿನ ತಲೆಮಾರಿನ ಕಲಾವಿದರನ್ನೂ ಬೆಳೆಸಿದ.

ಬೀದಿಯ ಮೇಲೆ ಸೀಮೆಸುಣ್ಣದ ಚಿತ್ರ

ಕರ್ಟ್ಸ್‌ಮನ್ ಜನಿಸಿದ್ದು 1924ರ ಅಕ್ಟೋಬರ್ 3ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ. ಹೆತ್ತವರು ಇಂದಿನ ಉಕ್ರೇನ್ ದೇಶದ ಒಡೆಸ್ಸಾದಿಂದ ವಲಸೆ ಬಂದ ಯಹೂದಿಗಳು. ಮಗುವಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ಸಂಸಾರ ತೂಗಿಸಲಾರದೆ ತಾಯಿ ಇಬ್ಬರು ಗಂಡುಮಕ್ಕಳನ್ನು ಕೆಲಕಾಲ ಅನಾಥಾಲಯದಲ್ಲಿ ಬಿಡಬೇಕಾಯಿತು. ಮುಂದೆ ಆಕೆ ಮರುಮದುವೆಯಾದಳು. ಮಲತಂದೆ ಮುದ್ರಣ ಉದ್ಯಮದಲ್ಲಿ ಹಿತ್ತಾಳೆಯ ಅಚ್ಚು ಕೆತ್ತುವ ಕುಶಲಕರ್ಮಿ. ಕುಟುಂಬ ಬ್ರಾಂಕ್ಸ್ ಬಡಾವಣೆಗೆ ಸ್ಥಳಾಂತರಗೊಂಡಿತು.

ಬಾಲಕ ಹಾರ್ವಿ ಬೀದಿಯ ಮೇಲೆಯೇ ಸೀಮೆಸುಣ್ಣದಿಂದ ‘ಐಕಿ ಅಂಡ್ ಮೈಕಿ’ ಎಂಬ ಚಿತ್ರಕಥೆಯನ್ನು ಕಂತುಕಂತಾಗಿ ಬರೆಯುತ್ತಿದ್ದ. ಪ್ರತಿಭಾವಂತ ಮಕ್ಕಳಿಗಾಗಿ 1936ರಲ್ಲಿ ಸ್ಥಾಪನೆಯಾಗಿದ್ದ ಸಂಗೀತ ಮತ್ತು ಕಲಾ ಪ್ರೌಢಶಾಲೆಯಲ್ಲಿ ಆತನಿಗೆ ಪ್ರವೇಶ ದೊರೆಯಿತು. ವಿಲ್ ಎಲ್ಡರ್, ಅಲ್ ಜಾಫಿ, ಜಾನ್ ಸೆವೆರಿನ್ ಹಾಗೂ ಅಲ್ ಫೆಲ್ಡ್‌ಸ್ಟೀನ್ ಕೂಡ ಅದೇ ಶಾಲೆಯ ವಿದ್ಯಾರ್ಥಿಗಳು. ‘ಮ್ಯಾಡ್’ ಇತಿಹಾಸದಲ್ಲಿ ಈ ನಾಲ್ವರ ಹೆಸರೂ ಮತ್ತೆ ಬರುತ್ತದೆ.

ಶಾಲೆಯ ನಂತರ ಕೂಪರ್ ಯೂನಿಯನ್‌ನಲ್ಲಿ ಸ್ವಲ್ಪಕಾಲ ಓದಿದ ಕರ್ಟ್ಸ್‌ಮನ್, ಕಾಮಿಕ್ಸ್ ಸಿದ್ಧಪಡಿಸಿಕೊಡುವ ಸ್ಟುಡಿಯೋ ಒಂದರಲ್ಲಿ ಸಹಾಯಕನಾಗಿ ದುಡಿಯತೊಡಗಿದ. 1943ರಲ್ಲಿ ಸೈನ್ಯಕ್ಕೆ ಕರೆ ಬಂತು. ಆತನನ್ನು ಕಡಲಾಚೆಯ ರಣರಂಗಕ್ಕೆ ಕಳುಹಿಸಲಿಲ್ಲ. ಸ್ವದೇಶದಲ್ಲೇ ಉಳಿದು ಸೈನ್ಯದ ಕೈಪಿಡಿಗಳಿಗೆ, ಭಿತ್ತಿಪತ್ರಗಳಿಗೆ ಚಿತ್ರ ಬರೆದ.

ಯುದ್ಧ ಮುಗಿದ ಮೇಲೆ, ಮುಂದೆ ‘ಮಾರ್ವೆಲ್’ ಎಂದು ಹೆಸರಾದ ಟೈಮ್ಲಿ ಸಂಸ್ಥೆಯ ಸಂಪಾದಕ ಸ್ಟಾನ್ ಲೀ ಆತನಿಗೆ ಕೆಲಸ ಕೊಟ್ಟ. ಕಾಮಿಕ್ಸ್ ಪುಸ್ತಕಗಳಲ್ಲಿ ಖಾಲಿ ಉಳಿಯುವ ಪುಟ ತುಂಬಿಸಲು ಒಂದು ಪುಟದ ‘ಹೇ ಲುಕ್!’ ಎಂಬ ನಗೆಚಿತ್ರಗಳನ್ನು ಕರ್ಟ್ಸ್‌ಮನ್ 1946ರಿಂದ ಬರೆದ. ಸುಮಾರು 150 ಪುಟಗಳಾದ ಈ ಕೆಲಸ ಆತನ ಪಾಠಶಾಲೆಯಾಯಿತು. ದಪ್ಪ ಕುಂಚದ ಓಟ, ಚಿತ್ರದ ಚೌಕಟ್ಟನ್ನೇ ಹಾಸ್ಯಕ್ಕೆ ಬಳಸಿಕೊಳ್ಳುವ ಉಪಾಯ, ಮಾತಿನ ಲಯ ಎಲ್ಲವೂ ಇಲ್ಲಿಯೇ ರೂಢಿಯಾದವು.

ಅದೇ ಅವಧಿಯಲ್ಲಿ ಎಲ್ಡರ್ ಹಾಗೂ ಚಾರ್ಲ್ಸ್ ಸ್ಟರ್ನ್ ಜತೆಗೂಡಿ ನ್ಯೂಯಾರ್ಕ್‌ನಲ್ಲಿ ಸ್ಟುಡಿಯೋ ತೆರೆದ. ಅಲ್ಲಿಗೆ ಬಂದು ಕುಳಿತು ಕೆಲಸ ಮಾಡುತ್ತಿದ್ದವರಲ್ಲಿ ರೆನೆ ಗೊಸಿನ್ನಿ ಎಂಬ ಫ್ರೆಂಚ್ ತರುಣನೂ ಇದ್ದ. ಆತ ಮುಂದೆ 1959ರಲ್ಲಿ ಚಿತ್ರಕಾರ ಉದೆರ್ಜೊ ಜತೆ ‘ಆಸ್ಟೆರಿಕ್ಸ್’ ಸೃಷ್ಟಿಸಿದ. ಟೈಮ್ಲಿ ಕಚೇರಿಯಲ್ಲಿ ಪರಿಚಯವಾದ ಅಡೆಲ್‌ಳನ್ನು ಕರ್ಟ್ಸ್‌ಮನ್ 1948ರಲ್ಲಿ ವಿವಾಹವಾದ.

ಯುದ್ಧದ ಕಥೆ, ವೀರಗಾಥೆಯಲ್ಲ

ಕರ್ಟ್ಸ್‌ಮನ್ ಬಾಳಿನ ತಿರುವು ಇ.ಸಿ. ಕಾಮಿಕ್ಸ್ ಸಂಸ್ಥೆ. ಮ್ಯಾಕ್ಸ್ ಗೇನ್ಸ್ ಎಂಬ ಪ್ರಕಾಶಕ ಶೈಕ್ಷಣಿಕ ಚಿತ್ರಪುಸ್ತಕಗಳಿಗೆಂದು ಸ್ಥಾಪಿಸಿದ ಸಂಸ್ಥೆಯಿದು. 1947ರಲ್ಲಿ ದೋಣಿ ಅಪಘಾತದಲ್ಲಿ ಆತ ಮಡಿದಾಗ, ರಸಾಯನಶಾಸ್ತ್ರದ ಮೇಷ್ಟ್ರಾಗಬೇಕೆಂದು ಓದುತ್ತಿದ್ದ ಮಗ ವಿಲಿಯಂ ಗೇನ್ಸ್ ಹೆಗಲಿಗೆ ಉದ್ಯಮ ಬಿತ್ತು. ಆತ ಅದನ್ನು ಮನರಂಜನೆಯತ್ತ ಹೊರಳಿಸಿದ. ಭೂತಪ್ರೇತ, ಅಪರಾಧ, ವೈಜ್ಞಾನಿಕ ಕಲ್ಪನೆಗಳ ಕಥೆಗಳಿಂದ ಇ.ಸಿ. ಹೆಸರಾಯಿತು.

ಇ.ಸಿ.ಗಾಗಿ ಕರ್ಟ್ಸ್‌ಮನ್ ಮಾಡಿದ ಮೊದಲ ಕೆಲಸ 1949ರ ಒಂದು ಪ್ರಚಾರ ಪುಸ್ತಿಕೆ. ಗುಹ್ಯರೋಗದ ಬಗ್ಗೆ ಎಚ್ಚರಿಸುವ ಈ ಪುಸ್ತಿಕೆಯನ್ನು ದನಗಾಹಿಯೊಬ್ಬನ ಸಾಹಸಕಥೆಯ ರೂಪದಲ್ಲಿ ಹೆಣೆಯಲಾಗಿತ್ತು. 1950ರ ಕೊನೆಗೆ ‘ಟೂ-ಫಿಸ್ಟೆಡ್ ಟೇಲ್ಸ್’, 1951ರಲ್ಲಿ ‘ಫ್ರಂಟ್‌ಲೈನ್ ಕಾಂಬ್ಯಾಟ್’ ಎಂಬ ಎರಡು ಪತ್ರಿಕೆಗಳು ಆತನ ಸಂಪಾದಕತ್ವದಲ್ಲಿ ಹೊರಬಂದವು. ಆಗ ಕೊರಿಯಾ ಯುದ್ಧ ನಡೆಯುತ್ತಿತ್ತು. ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಇತರ ಯುದ್ಧ ಕಾಮಿಕ್ಸ್‌ನಲ್ಲಿ ಅಮೆರಿಕದ ಸೈನಿಕ ನಗುನಗುತ್ತ ಶತ್ರುಗಳನ್ನು ಸಂಹರಿಸುತ್ತಿದ್ದ. ಮಕ್ಕಳಿಗೆ ಯುದ್ಧವನ್ನು ಆಟದಂತೆ ತೋರಿಸುವುದು ಸುಳ್ಳು ಹೇಳಿದಂತೆ ಎಂಬುದು ಕರ್ಟ್ಸ್‌ಮನ್‌ನ ನಿಲುವು.

ಈ ಪತ್ರಿಕೆಗಳಿಗೆ ಆತ ಬರೆದ ‘ರಬಲ್!’ ಕಥೆಯಲ್ಲಿ ಕೊರಿಯಾದ ರೈತನೊಬ್ಬ ಶ್ರಮಪಟ್ಟು ಮನೆ ಕಟ್ಟುತ್ತಾನೆ. ಯುದ್ಧ ಬಂದು ಅದನ್ನು ಕಲ್ಲುಮಣ್ಣಿನ ರಾಶಿ ಮಾಡುತ್ತದೆ. 1952ರ ಆರಂಭದಲ್ಲಿ ಬಂದ ‘ಕಾರ್ಪ್ಸ್ ಆನ್ ದಿ ಇಮ್ಜಿನ್’ನಲ್ಲಿ ಅಮೆರಿಕದ ಸೈನಿಕ ನದಿಯ ನೀರಿನಲ್ಲಿ ಉತ್ತರ ಕೊರಿಯಾದ ಸೈನಿಕನನ್ನು ಬರಿಗೈಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಗೆಲುವಿನ ಹುರುಪು ಅಲ್ಲಿಲ್ಲ. ಉಳಿಯುವುದು ತೇಲಿಹೋಗುವ ಹೆಣ ಮಾತ್ರ. ದೇಶ ಯುದ್ಧದಲ್ಲಿರುವಾಗ, 10 ಸೆಂಟ್ ಬೆಲೆಯ ಮಕ್ಕಳ ಪುಸ್ತಕದಲ್ಲಿ ಇಂಥ ಕಥೆ ಪ್ರಕಟವಾದುದು ಸಣ್ಣ ಸಂಗತಿಯಲ್ಲ.

ಒಂದೊಂದು ಕಥೆಗೂ ಕರ್ಟ್ಸ್‌ಮನ್ ಗ್ರಂಥಾಲಯಗಳಲ್ಲಿ ದಿನಗಟ್ಟಲೆ ಕೂರುತ್ತಿದ್ದ. ಸಮವಸ್ತ್ರದ ಗುಂಡಿ, ಬಂದೂಕಿನ ಮಾದರಿ, ವಿಮಾನದ ಸದ್ದು ಯಾವುದೂ ತಪ್ಪಾಗಕೂಡದು. ಜಲಾಂತರ್ಗಾಮಿಯ ಕಥೆಗೆ ವಿವರ ಬೇಕಾದಾಗ ಸಹಾಯಕ ಜೆರಿ ಡಿಫುಚಿಯೊನನ್ನು ನಿಜವಾದ ಜಲಾಂತರ್ಗಾಮಿಯಲ್ಲೇ ಕಳುಹಿಸಿದ್ದುಂಟು. ಕಥೆ ಬರೆದ ಮೇಲೆ ಪ್ರತಿ ಪುಟದ ಚಿತ್ರವಿನ್ಯಾಸವನ್ನೂ ತಾನೇ ಪಾರದರ್ಶಕ ಹಾಳೆಯ ಮೇಲೆ ಬರೆದು, ಚಿತ್ರಕಾರನ ಮುಂದೆ ಅಭಿನಯಿಸಿ ತೋರಿಸುತ್ತಿದ್ದ. ಆ ವಿನ್ಯಾಸವನ್ನು ಚಿತ್ರಕಾರ ಮೀರುವಂತಿರಲಿಲ್ಲ. ಈ ಕಟ್ಟುಪಾಡನ್ನು ಕೆಲವರು ಮೆಚ್ಚಿದರು, ಕೆಲವರು ಸಹಿಸದೆ ಮುನಿದರು.

ಬಿಡುವಿಲ್ಲದ ದುಡಿಮೆ, ಕಡಿಮೆ ಆದಾಯ

‘ಮ್ಯಾಡ್’ ಹುಟ್ಟಿಗೆ ಕಾರಣ ಕಲಾತ್ಮಕ ಹಂಬಲವೊಂದೇ ಅಲ್ಲ, ಹಣದ ಅಡಚಣೆಯೂ ಹೌದು. ಇ.ಸಿ.ಯಲ್ಲಿ ಸಂಪಾದಕರ ಸಂಪಾದನೆ ಅವರು ಸಿದ್ಧಪಡಿಸುವ ಪತ್ರಿಕೆಗಳ ಸಂಖ್ಯೆಯನ್ನು ಅವಲಂಬಿಸಿತ್ತು. ಅಲ್ ಫೆಲ್ಡ್‌ಸ್ಟೀನ್ ಒಬ್ಬನೇ ಹಲವು ಪತ್ರಿಕೆಗಳನ್ನು ಸರಸರನೆ ಮುಗಿಸುತ್ತಿದ್ದ. ಕರ್ಟ್ಸ್‌ಮನ್‌ಗೆ ಒಂದು ಸಂಚಿಕೆಯ ಸಂಶೋಧನೆಗೇ ವಾರಗಳು ಹಿಡಿಯುತ್ತಿದ್ದವು. ಹೀಗಾಗಿ ಹೆಚ್ಚು ದುಡಿದವನಿಗೆ ಕಡಿಮೆ ಹಣ ದಕ್ಕುತ್ತಿತ್ತು. ಜತೆಗೆ ಕಾಮಾಲೆಯೂ ಬಾಧಿಸಿತು. ಆದಾಯ ಹೆಚ್ಚಿಸಬೇಕೆಂದು ಕೇಳಿದಾಗ, ಸಂಶೋಧನೆಯ ಗೊಡವೆಯಿಲ್ಲದ ಹಾಸ್ಯ ಪತ್ರಿಕೆಯೊಂದನ್ನು ಮಾಡೆಂದು ಗೇನ್ಸ್ ಸೂಚಿಸಿದ.

1952ರ ಅಕ್ಟೋಬರ್–ನವೆಂಬರ್ ಸಂಚಿಕೆಯೆಂದು ಅಚ್ಚಾಗಿ ‘ಮ್ಯಾಡ್’ ಮೊದಲ ಬಾರಿ ಅಂಗಡಿಗಳಿಗೆ ಬಂತು. ಬೆಲೆ 10 ಸೆಂಟ್. ಚಿತ್ರಕಾರರು ವಿಲ್ ಎಲ್ಡರ್, ವಾಲಿ ವುಡ್, ಜಾಕ್ ಡೇವಿಸ್ ಹಾಗೂ ಜಾನ್ ಸೆವೆರಿನ್. ಕಾಮಿಕ್ಸ್ ಪುಸ್ತಕವಾಗಿ ಬಂದ 23 ಸಂಚಿಕೆಗಳ ಬಹುತೇಕ ಎಲ್ಲ ಬರವಣಿಗೆಯೂ ಕರ್ಟ್ಸ್‌ಮನ್‌ನದು.

ಆರಂಭದ ಸಂಚಿಕೆಗಳು ಭೂತದ ಕಥೆ, ಪತ್ತೇದಾರಿ ಕಥೆ ಮುಂತಾದ ಪ್ರಕಾರಗಳನ್ನು ಸಾಮಾನ್ಯವಾಗಿ ಅಣಕಿಸಿದವು. ಲಾಭ ಬರಲಿಲ್ಲ. ಗೇನ್ಸ್ ಪತ್ರಿಕೆಯನ್ನು ನಿಲ್ಲಿಸಲೂ ಇಲ್ಲ. 1953ರ ಏಪ್ರಿಲ್–ಮೇ ಅವಧಿಯ ನಾಲ್ಕನೆಯ ಸಂಚಿಕೆಯಲ್ಲಿ ವಾಲಿ ವುಡ್ ಚಿತ್ರಿಸಿದ ‘ಸೂಪರ್‌ಡ್ಯೂಪರ್‌ಮ್ಯಾನ್!’ ಪ್ರಕಟವಾದಾಗ ಪರಿಸ್ಥಿತಿ ಬದಲಾಯಿತು.

‘ಸೂಪರ್‌ಡ್ಯೂಪರ್‌ಮ್ಯಾನ್’ ಮತ್ತು ಅಣಕದ ಹೊಸ ದಾರಿ

ಈ ಕಥೆಯ ಕ್ಲಾರ್ಕ್ ಬೆಂಟ್ ಪತ್ರಿಕಾ ಕಚೇರಿಯ ಕಟ್ಟಕಡೆಯ ಚಾಕರ. ಉಗುಳುಡಬ್ಬಿ ತೊಳೆಯುವುದು ಆತನ ಕೆಲಸ. ಸೂಪರ್‌ಡ್ಯೂಪರ್‌ಮ್ಯಾನ್ ವೇಷ ತೊಟ್ಟು ಊರನ್ನು ಕಾಪಾಡಿದರೂ ಲೋಯಿಸ್ ಪೇನ್ ಎಂಬ ತರುಣಿ ಆತನನ್ನು ಕಣ್ಣೆತ್ತಿ ನೋಡುವುದಿಲ್ಲ. ಎದುರಾಳಿ ‘ಕ್ಯಾಪ್ಟನ್ ಮಾರ್ಬಲ್ಸ್’ ಹಣಕ್ಕಾಗಿ ಮಾತ್ರ ಬಲ ಪ್ರಯೋಗಿಸುವವನು. ಇಬ್ಬರ ಕಾಳಗದಲ್ಲಿ ಮಾರ್ಬಲ್ಸ್ ತನ್ನ ಗುದ್ದಿಗೆ ತಾನೇ ಸಿಕ್ಕಿ ಬೀಳುತ್ತಾನೆ.

ಸೂಪರ್‌ಮ್ಯಾನ್ ಪ್ರಕಾಶಕರು ‘ಕ್ಯಾಪ್ಟನ್ ಮಾರ್ವೆಲ್’ ತಮ್ಮ ನಾಯಕನ ನಕಲೆಂದು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿದ್ದನ್ನು ಅಂದಿನ ಓದುಗರು ಬಲ್ಲವರಾಗಿದ್ದರು. ನ್ಯಾಯಾಲಯದ ಆ ಜಗಳವನ್ನೇ ಕರ್ಟ್ಸ್‌ಮನ್ ಮುಷ್ಟಿಯುದ್ಧವಾಗಿಸಿದ್ದ. ಸೂಪರ್‌ಮ್ಯಾನ್ ಪ್ರಕಾಶಕರು ‘ಮ್ಯಾಡ್’ ಮೇಲೂ ದಾವೆ ಹೂಡುವುದಾಗಿ ಬೆದರಿಸಿದರು. ಪತ್ರಿಕೆಯ ಮಾರಾಟ ಮಾತ್ರ ಏರುತ್ತ ಹೋಯಿತು. ಇತರ ಪ್ರಕಾಶಕರು ‘ಮ್ಯಾಡ್’ ನಕಲುಗಳನ್ನು ಮಾರುಕಟ್ಟೆಗೆ ಬಿಡತೊಡಗಿದರು. ಇ.ಸಿ. ಕೂಡ ಫೆಲ್ಡ್‌ಸ್ಟೀನ್ ಸಂಪಾದಕತ್ವದಲ್ಲಿ ‘ಪ್ಯಾನಿಕ್’ ಎಂಬ ಸೋದರ ಪತ್ರಿಕೆ ಹೊರಡಿಸಿತು.

ಸೂಪರ್‌ಮ್ಯಾನ್ ಅಣಕದಿಂದ ಕರ್ಟ್ಸ್‌ಮನ್ ಕಂಡುಕೊಂಡದ್ದು ಇಷ್ಟು: ಒಂದು ಪ್ರಕಾರವನ್ನು ಸಾರಾಸಗಟಾಗಿ ಗೇಲಿ ಮಾಡುವುದಕ್ಕಿಂತ, ಎಲ್ಲರೂ ಬಲ್ಲ ನಿರ್ದಿಷ್ಟ ಕೃತಿಯೊಂದನ್ನು ಹಿಡಿದು, ಅದು ಬಚ್ಚಿಟ್ಟ ಸತ್ಯವನ್ನು ಹೊರಗೆಳೆದರೆ ನಗೆ ಹರಿತವಾಗುತ್ತದೆ. ‘ಮಿಕ್ಕಿ ರೋಡೆಂಟ್!’ನಲ್ಲಿ ಬಿಳಿ ಕೈಗವಸು ತೊಡದೆ ಬೀದಿಗೆ ಬಂದ ಪ್ರಾಣಿಯೊಂದನ್ನು ಪೊಲೀಸರು ಎಳೆದೊಯ್ಯುತ್ತಾರೆ. ಡಿಸ್ನಿ ಲೋಕದ ಮುದ್ದುತನದ ಹಿಂದಿರುವ ಕಟ್ಟುನಿಟ್ಟು ಆ ಒಂದೇ ದೃಶ್ಯದಲ್ಲಿ ಬಯಲಾಗುತ್ತದೆ. ‘ಸ್ಟಾರ್ಚಿ’ಯಲ್ಲಿ ಆರ್ಚಿ ಬಳಗದ ಸಂಭಾವಿತ ಹದಿಹರೆಯದವರು ಪುಂಡರಾಗಿದ್ದಾರೆ. ‘ಹೌಡಿ ಡೂಯಿಟ್’ ಮಕ್ಕಳ ಟಿ.ವಿ. ಕಾರ್ಯಕ್ರಮದ ನೆಪದಲ್ಲಿ ನಡೆಯುವ ಸರಕು ಮಾರಾಟವನ್ನು ಬಯಲಿಗೆಳೆಯುತ್ತದೆ.

ವಿಲ್ ಎಲ್ಡರ್ ತನ್ನ ಪುಟಗಳ ಹಿನ್ನೆಲೆಯಲ್ಲಿ ಸಣ್ಣ ಫಲಕ, ಸುಳ್ಳು ಜಾಹೀರಾತು, ಕಥೆಗೆ ಸಂಬಂಧವಿಲ್ಲದ ಮುಖಗಳನ್ನು ಕಿಕ್ಕಿರಿಸುತ್ತಿದ್ದ. ಸಾರಿಗೆ ರುಚಿ ಕೊಡುವ ಜಿಡ್ಡನ್ನು ನೆನಪಿಸುವಂತೆ ಈ ತಮಾಷೆಗಳಿಗೆ ‘ಕೋಳಿ ಕೊಬ್ಬು’ ಎಂಬ ಹೆಸರು ಬಿತ್ತು. ಓದುಗ ಒಂದೇ ಪುಟವನ್ನು ನಾಲ್ಕು ಬಾರಿ ನೋಡುವಂತಾಯಿತು. ವಲಸಿಗ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನ ಪದಗಳನ್ನೂ, ಅರ್ಥವಿಲ್ಲದಿದ್ದರೂ ಕಿವಿಗೆ ಮೋಜೆನಿಸುವ ಪದಗಳನ್ನೂ ಕರ್ಟ್ಸ್‌ಮನ್ ಕಥೆಗಳಲ್ಲಿ ಧಾರಾಳವಾಗಿ ಬಳಸಿದ. ‘ಪೊಟ್ರಝೆಬಿ’ಯಂಥ ಪದಗಳು ಶಾಲಾಮಕ್ಕಳ ಗುಪ್ತಭಾಷೆಯಾದವು. 1955ರ ಆರಂಭದ ಸಂಚಿಕೆಯೊಂದರ ಮುಖಪುಟವನ್ನು ಶಾಲೆಯ ನೋಟುಬುಕ್ಕಿನಂತೆಯೇ ವಿನ್ಯಾಸಗೊಳಿಸಲಾಗಿತ್ತು. ತರಗತಿಯಲ್ಲಿ ಕದ್ದು ಓದಲು ಅನುಕೂಲವಾಗಲೆಂಬುದೇ ಅದರ ಹಾಸ್ಯ.

1954ರ ಬಿರುಗಾಳಿ

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಪ್ರಕಟಿಸಿದ ‘ಸಿಡಕ್ಷನ್ ಆಫ್ ದಿ ಇನೊಸೆಂಟ್’ ಪುಸ್ತಕ, ಕಾಮಿಕ್ಸ್ ಓದು ಮಕ್ಕಳನ್ನು ಅಪರಾಧದತ್ತ ದೂಡುತ್ತಿದೆಯೆಂದು ಆರೋಪಿಸಿತು. ಅದೇ ಏಪ್ರಿಲ್‌ನಲ್ಲಿ ಬಾಲಾಪರಾಧ ಕುರಿತ ಸೆನೆಟ್ ಉಪಸಮಿತಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆಸಿತು. ವಿಲಿಯಂ ಗೇನ್ಸ್ ತಾನಾಗಿಯೇ ಸಾಕ್ಷ್ಯ ನುಡಿಯಲು ಹೋದ. ಕತ್ತರಿಸಿದ ರುಂಡವನ್ನು ಹಿಡಿದ ಮುಖಪುಟವೊಂದನ್ನು ತೋರಿಸಿ ಸೆನೆಟರ್ ಎಸ್ಟೆಸ್ ಕೆಫಾವರ್ ಪ್ರಶ್ನಿಸಿದಾಗ, ಭಯಾನಕ ಕಥೆಯ ಮಟ್ಟಿಗೆ ಅದು ಸದಭಿರುಚಿಯದೇ ಎಂದು ಗೇನ್ಸ್ ವಾದಿಸಿದ. ಆ ಉತ್ತರ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಪ್ರಕಾಶಕರು ತಾವೇ ಸೇರಿ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯನ್ನೂ ಅದನ್ನು ಜಾರಿಗೊಳಿಸುವ ಮಂಡಳಿಯನ್ನೂ ರಚಿಸಿಕೊಂಡರು. ಮಂಡಳಿಯ ಮುದ್ರೆಯಿಲ್ಲದ ಪುಸ್ತಕಗಳನ್ನು ವಿತರಕರು ಮುಟ್ಟದಾದರು. ಇ.ಸಿ.ಯ ಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. 1956ರ ಹೊತ್ತಿಗೆ ಉಳಿದದ್ದು ‘ಮ್ಯಾಡ್’ ಒಂದೇ.

ಇಂಥ ಕಾಲದಲ್ಲೂ ಕರ್ಟ್ಸ್‌ಮನ್ ರಾಜಕೀಯವನ್ನು ಬಿಡಲಿಲ್ಲ. ಕಮ್ಯುನಿಸ್ಟರ ಬೇಟೆಗಿಳಿದಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿ ಹಾಗೂ ಸೈನ್ಯದ ನಡುವಿನ ವಿಚಾರಣೆ 1954ರಲ್ಲಿ ಟಿ.ವಿ.ಯಲ್ಲಿ ನೇರವಾಗಿ ಪ್ರಸಾರವಾಯಿತು. ಅದೇ ವರ್ಷದ ನವೆಂಬರ್ ಸಂಚಿಕೆಯಲ್ಲಿ ‘ಮ್ಯಾಡ್’ ಅದನ್ನು ಟಿ.ವಿ. ರಸಪ್ರಶ್ನೆ ಕಾರ್ಯಕ್ರಮವೊಂದರ ರೂಪದಲ್ಲಿ ಅಣಕಿಸಿತು. ದೊಡ್ಡವರೇ ಬಾಯಿ ತೆರೆಯಲು ಹಿಂಜರಿಯುತ್ತಿದ್ದ ವಿಷಯವನ್ನು ಮಕ್ಕಳ ಪುಸ್ತಕವೊಂದು ಎತ್ತಿಕೊಂಡಿತ್ತು.

1955ರ ಜುಲೈನಲ್ಲಿ 24ನೆಯ ಸಂಚಿಕೆಯಿಂದ ‘ಮ್ಯಾಡ್’ ದೊಡ್ಡ ಅಳತೆಯ, ಕಪ್ಪು-ಬಿಳುಪು ಚಿತ್ರಗಳ, 25 ಸೆಂಟ್ ಬೆಲೆಯ ನಿಯತಕಾಲಿಕವಾಯಿತು. ಕಾಮಿಕ್ಸ್ ಕೋಡಿನಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯವಿದೆಂದು ಬಹಳ ಮಂದಿ ನಂಬಿದ್ದಾರೆ. ಗೇನ್ಸ್ ನೀಡಿದ ವಿವರಣೆ ಬೇರೆ. ‘ಪೇಜೆಂಟ್’ ಎಂಬ ನಿಯತಕಾಲಿಕದಿಂದ ಕರ್ಟ್ಸ್‌ಮನ್‌ಗೆ ಕೆಲಸದ ಕರೆ ಬಂದಿತ್ತು. ಕಾಮಿಕ್ಸ್ ಲೋಕದಿಂದ ಹೊರಬಂದು ಗೌರವದ ಪತ್ರಿಕೋದ್ಯಮ ಸೇರಬೇಕೆಂಬ ಆಸೆಯೂ ಆತನಿಗಿತ್ತು. ಆತನನ್ನು ಉಳಿಸಿಕೊಳ್ಳಲು ಗೇನ್ಸ್ ‘ಮ್ಯಾಡ್’ನ ರೂಪವನ್ನೇ ಬದಲಿಸಿದ. ಕೋಡಿನ ಹಿಡಿತ ತಪ್ಪಿದ್ದು ಅದರ ಫಲವಾಗಿ ಬಂದ ಲಾಭ.

ನಗುವ ಹುಡುಗನ ಮುಖವನ್ನು ಪತ್ರಿಕೆಗೆ ತಂದವನೂ ಕರ್ಟ್ಸ್‌ಮನ್ನೇ. ‘ಮ್ಯಾಡ್’ ಸಂಕಲನಗಳನ್ನು ಪ್ರಕಟಿಸುತ್ತಿದ್ದ ಬ್ಯಾಲಂಟೈನ್ ಸಂಸ್ಥೆಯ ಕಚೇರಿಯಲ್ಲಿ, ಗೋಡೆಯ ಮೇಲಿನ ಹಳೆಯ ಅಂಚೆಕಾರ್ಡೊಂದರಲ್ಲಿ ಆತ ಆ ಮುಖವನ್ನು ಕಂಡ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಜಾಹೀರಾತುಗಳಲ್ಲಿ ಸುತ್ತಾಡುತ್ತಿದ್ದ ಮುಖವದು. ಅದಕ್ಕೆ ‘ಆಲ್ಫ್ರೆಡ್ ಇ. ನ್ಯೂಮನ್’ ಎಂಬ ಸ್ಥಿರ ಹೆಸರು ಹಾಗೂ ಚಿತ್ರಕಾರ ನಾರ್ಮನ್ ಮಿಂಗೊ ಬರೆದ ಸ್ಥಿರ ರೂಪ ದೊರೆತದ್ದು ಕರ್ಟ್ಸ್‌ಮನ್ ಹೋದ ಮೇಲೆ, 1956ರ ಡಿಸೆಂಬರ್ ಸಂಚಿಕೆಯಲ್ಲಿ.

ಶೇಕಡಾ 51ರ ಬೇಡಿಕೆ

1956ರಲ್ಲಿ ಕರ್ಟ್ಸ್‌ಮನ್ ಪತ್ರಿಕೆಯ ಮೇಲೆ ಶೇಕಡಾ 51ರ ನಿಯಂತ್ರಣ ಬೇಕೆಂದು ಕೇಳಿದ. ‘ಮ್ಯಾಡ್’ ತನ್ನ ಸೃಷ್ಟಿ, ಅದರ ಗುಣಮಟ್ಟ ಕುರಿತ ಕೊನೆಯ ಮಾತು ತನ್ನದಾಗಿರಬೇಕು ಎಂಬುದು ಆತನ ವಾದ. ಪತ್ರಿಕೆಗಾಗಿ ಮನೆತನದ ಹಣ ಸುರಿದಿದ್ದ ಗೇನ್ಸ್ ಒಪ್ಪಲಿಲ್ಲ. ಕರ್ಟ್ಸ್‌ಮನ್ ಹೊರನಡೆದ. ಎಲ್ಡರ್, ಡೇವಿಸ್ ಮುಂತಾದ ಕಲಾವಿದರು ಆತನ ಹಿಂದೆ ಹೋದರು.

ಸಂಪಾದಕನ ಕುರ್ಚಿಯಲ್ಲಿ ಕುಳಿತವನು ಶಾಲೆಯ ದಿನಗಳ ಫೆಲ್ಡ್‌ಸ್ಟೀನ್. ಮುಂದಿನ ಸುಮಾರು 28 ವರ್ಷ ಆತ ‘ಮ್ಯಾಡ್’ ನಡೆಸಿದ. 1970ರ ದಶಕದಲ್ಲಿ ಪ್ರಸಾರ 20 ಲಕ್ಷ ಪ್ರತಿಗಳನ್ನು ಮೀರಿತು. ಬೀಜ ಕರ್ಟ್ಸ್‌ಮನ್‌ನದು, ಫಸಲು ಬೇರೆಯವರದು ಎಂದು ಆತನ ಅಭಿಮಾನಿಗಳು ಹೇಳುವುದುಂಟು. ಅದು ಅರ್ಧ ನಿಜ. ಸಂಚಿಕೆಗಳನ್ನು ತಪ್ಪದೆ ವೇಳೆಗೆ ಹೊರತರುವ ಶಿಸ್ತು ಫೆಲ್ಡ್‌ಸ್ಟೀನ್‌ಗಿತ್ತು. ಒಂದೊಂದು ಪುಟವನ್ನೂ ತಿದ್ದುತ್ತ ಕೂರುವ ಕರ್ಟ್ಸ್‌ಮನ್‌ಗೆ ಗಡುವಿನೊಡನೆ ಎಂದೂ ಸರಿಬರಲಿಲ್ಲ.

ಮೂರು ಪತ್ರಿಕೆ, ಮೂರು ಸೋಲು

ಹೊರಬಂದ ಕರ್ಟ್ಸ್‌ಮನ್‌ಗೆ ‘ಪ್ಲೇಬಾಯ್’ ಪ್ರಕಾಶಕ ಹ್ಯೂ ಹೆಫ್ನರ್ ಆಸರೆಯಾದ. 1957ರ ಜನವರಿಯಲ್ಲಿ ‘ಟ್ರಂಪ್’ ಎಂಬ ವೈಭವದ ಪತ್ರಿಕೆ ಹೊರಬಂತು. ಹೆಸರಿನ ಅರ್ಥ ಇಸ್ಪೀಟಿನ ತುರುಫು. ನುಣುಪು ಕಾಗದ, ಬಣ್ಣದ ಪುಟ, ಬೆಲೆ 50 ಸೆಂಟ್. ಖರ್ಚು ಮಿತಿಮೀರಿತು. ಹೆಫ್ನರ್‌ಗೆ ಅದೇ ವೇಳೆಗೆ ಹಣದ ಮುಗ್ಗಟ್ಟು ಬಂತು. ಎರಡೇ ಸಂಚಿಕೆಗೆ ‘ಟ್ರಂಪ್’ ನಿಂತಿತು.

ಮುಂದಿನ ಪ್ರಯತ್ನ ಇನ್ನೂ ಸಾಹಸದ್ದು. ಕರ್ಟ್ಸ್‌ಮನ್, ಎಲ್ಡರ್, ಅಲ್ ಜಾಫಿ, ಅರ್ನಾಲ್ಡ್ ರಾತ್ ಮುಂತಾದವರು ತಾವೇ ಹಣ ಹಾಕಿ 1957ರ ಆಗಸ್ಟ್‌ನಲ್ಲಿ ‘ಹಂಬಗ್’ ಆರಂಭಿಸಿದರು. ಕಲಾವಿದರೇ ಒಡೆಯರಾದ ಪತ್ರಿಕೆಯಿದು. ಆದರೆ 15 ಸೆಂಟ್ ಬೆಲೆಯ ಆ ಪುಟ್ಟ ಪತ್ರಿಕೆ ಅಂಗಡಿಗಳ ಸಾಲಿನಲ್ಲಿ ಇತರ ಪತ್ರಿಕೆಗಳ ಹಿಂದೆ ಅಡಗಿಹೋಗುತ್ತಿತ್ತು. ವಿತರಣೆಯೂ ಕೈಕೊಟ್ಟಿತು. 11 ಸಂಚಿಕೆಗಳ ನಂತರ 1958ರಲ್ಲಿ ಅದು ಮುಚ್ಚಿತು. ಒಡೆತನ ಸಿಕ್ಕರೆ ಸಾಲದು, ಓದುಗನ ಕೈಗೆ ತಲುಪಿಸುವ ಜಾಲವೂ ಬೇಕೆಂಬ ಪಾಠವನ್ನು ಆ ಕಲಾವಿದರು ತಮ್ಮ ಸ್ವಂತ ಹಣ ತೆತ್ತು ಕಲಿತರು.

1959ರಲ್ಲಿ ಬ್ಯಾಲಂಟೈನ್ ಪ್ರಕಟಿಸಿದ ‘ಹಾರ್ವಿ ಕರ್ಟ್ಸ್‌ಮನ್ಸ್ ಜಂಗಲ್ ಬುಕ್’ ಆತನೇ ಬರೆದು, ಚಿತ್ರಿಸಿದ ನಾಲ್ಕು ಕಥೆಗಳ ಕಿರುಪುಸ್ತಕ. ಹಿಂದೆ ಎಲ್ಲಿಯೂ ಅಚ್ಚಾಗದ ಚಿತ್ರಕಥೆಗಳನ್ನೇ ನೇರವಾಗಿ ಪುಸ್ತಕವಾಗಿಸುವುದು ಅಂದಿಗೆ ಹೊಸ ವಿಚಾರ. ಅದರ ಒಂದು ಕಥೆಯಲ್ಲಿ ಆದರ್ಶ ಹೊತ್ತು ಪ್ರಕಾಶನ ಸಂಸ್ಥೆ ಸೇರುವ ಗುಡ್‌ಮನ್ ಬೀವರ್ ಎಂಬ ತರುಣ ಅಲ್ಲಿನ ದುರಾಸೆಗೆ ಮೆಲ್ಲಮೆಲ್ಲಗೆ ಒಗ್ಗಿಹೋಗುತ್ತಾನೆ. ಕರ್ಟ್ಸ್‌ಮನ್‌ಗೆ ಆ ಲೋಕ ಚೆನ್ನಾಗಿ ಗೊತ್ತಿತ್ತು. ಪುಸ್ತಕ ಮಾರಾಟವಾಗಲಿಲ್ಲ. ಇಂದು ವಿಮರ್ಶಕರು ಅದನ್ನು ಗ್ರಾಫಿಕ್ ಕಾದಂಬರಿಯ ಪೂರ್ವಸೂರಿಗಳಲ್ಲೊಂದೆಂದು ಗುರುತಿಸುತ್ತಾರೆ.

ಮೂರನೆಯ ಪತ್ರಿಕೆ ‘ಹೆಲ್ಪ್!’. ಜೇಮ್ಸ್ ವಾರೆನ್ ಪ್ರಕಾಶನದಲ್ಲಿ 1960ರಿಂದ 1965ರವರೆಗೆ 26 ಸಂಚಿಕೆಗಳು ಬಂದವು. ಹಣ ತೀರಾ ಕಡಿಮೆ. ಹೀಗಾಗಿ ಚಿತ್ರ ಬರೆಸುವ ಬದಲು ಛಾಯಾಚಿತ್ರಗಳಿಗೆ ಮಾತಿನ ಗುಳ್ಳೆ ಅಂಟಿಸಿ ಕಥೆ ಹೇಳುವ ಉಪಾಯವನ್ನು ಕರ್ಟ್ಸ್‌ಮನ್ ಹೂಡಿದ. 1962ರಲ್ಲಿ ಇಲ್ಲಿ ಪ್ರಕಟವಾದ ಗುಡ್‌ಮನ್ ಬೀವರ್ ಕಥೆಯೊಂದು ಆರ್ಚಿ ಬಳಗವನ್ನು ಅಣಕಿಸಿತು. ಆರ್ಚಿ ಪ್ರಕಾಶಕರು ಮೊಕದ್ದಮೆ ಹೂಡಿದರು. ರಾಜಿಯಾಯಿತಾದರೂ ಆ ಕಥೆಯ ಹಕ್ಕು ಕಾಲಕ್ರಮೇಣ ಆರ್ಚಿ ಸಂಸ್ಥೆಯ ಪಾಲಾಯಿತು. ಹತ್ತು ವರ್ಷಗಳ ಹಿಂದೆ ಸೂಪರ್‌ಮ್ಯಾನ್ ಪ್ರಕಾಶಕರ ಬೆದರಿಕೆಯನ್ನು ‘ಮ್ಯಾಡ್’ ನಗುತ್ತ ದಾಟಿತ್ತು. ಬೆನ್ನಿಗೆ ಬಲವಿಲ್ಲದ ‘ಹೆಲ್ಪ್!’ಗೆ ಅದು ಸಾಧ್ಯವಾಗಲಿಲ್ಲ.

ಸೋತ ಪತ್ರಿಕೆಯ ಗೆದ್ದ ಶಿಷ್ಯರು

‘ಹೆಲ್ಪ್!’ ಕಚೇರಿಯ ಮೊದಲ ಸಹಾಯಕಿ ಗ್ಲೋರಿಯಾ ಸ್ಟೈನೆಮ್. ಮುಂದೆ ಆಕೆ ಅಮೆರಿಕದ ಸ್ತ್ರೀವಾದಿ ಚಳವಳಿಯ ಪ್ರಮುಖ ದನಿಯಾದಳು. ನಂತರದ ವರ್ಷಗಳಲ್ಲಿ ಸಹಾಯಕನಾದವನು ಟೆರಿ ಗಿಲಿಯಂ. 1965ರಲ್ಲಿ ಛಾಯಾಚಿತ್ರ ಕಥೆಯೊಂದಕ್ಕೆ ನಟ ಬೇಕಾದಾಗ, ನ್ಯೂಯಾರ್ಕ್‌ನಲ್ಲಿ ನಾಟಕವಾಡುತ್ತಿದ್ದ ಜಾನ್ ಕ್ಲೀಸ್ ಎಂಬ ಬ್ರಿಟಿಷ್ ನಟನನ್ನು ಗಿಲಿಯಂ ಕರೆತಂದ. ಈ ಪರಿಚಯವೇ ಮುಂದೆ ಗಿಲಿಯಂ ಬ್ರಿಟನ್ನಿನ ‘ಮಾಂಟಿ ಪೈಥಾನ್’ ತಂಡ ಸೇರಲು ದಾರಿಯಾಯಿತು. ತನ್ನ ‘ಬ್ರೆಜಿಲ್’ (1985) ಚಿತ್ರದಲ್ಲಿ ಗಿಲಿಯಂ ಒಬ್ಬ ಕಚೇರಿ ಅಧಿಕಾರಿಗೆ ‘ಕರ್ಟ್ಸ್‌ಮನ್’ ಎಂದೇ ಹೆಸರಿಟ್ಟ.

ರಾಬರ್ಟ್ ಕ್ರಂಬ್, ಗಿಲ್ಬರ್ಟ್ ಶೆಲ್ಟನ್, ಜೇ ಲಿಂಚ್ ಮೊದಲಾದ ಅಜ್ಞಾತ ತರುಣರ ಚಿತ್ರಗಳಿಗೂ ‘ಹೆಲ್ಪ್!’ ಜಾಗ ಕೊಟ್ಟಿತು. ಕ್ರಂಬ್‌ನ ಹಾರ್ಲೆಂ ಹಾಗೂ ಬಲ್ಗೇರಿಯಾ ರೇಖಾಚಿತ್ರಗಳು ಅಲ್ಲಿಯೇ ಅಚ್ಚಾದವು. ಕರ್ಟ್ಸ್‌ಮನ್‌ನ ಸಹಾಯಕನಾಗಲು ಕ್ರಂಬ್ ನ್ಯೂಯಾರ್ಕಿಗೆ ಬರುವ ಹೊತ್ತಿಗೆ ಪತ್ರಿಕೆಯೇ ಮುಚ್ಚಿಹೋಗಿತ್ತು. ಮೂರು ವರ್ಷಗಳೊಳಗೆ ಇವರೇ ಅಮೆರಿಕದ ‘ಭೂಗತ ಕಾಮಿಕ್ಸ್’ ಚಳವಳಿಯ ಮುಂದಾಳುಗಳಾದರು. ಕೋಡಿನ ಮುದ್ರೆಯನ್ನು ಲೆಕ್ಕಿಸದೆ, ಕೃತಿಯ ಹಕ್ಕನ್ನು ಕಲಾವಿದರೇ ಇಟ್ಟುಕೊಳ್ಳುವ ಪದ್ಧತಿಯನ್ನು ಅವರು ರೂಢಿಗೆ ತಂದರು. ‘ಹಂಬಗ್’ನಲ್ಲಿ ಕರ್ಟ್ಸ್‌ಮನ್ ಕಂಡಿದ್ದ ಕನಸು ಶಿಷ್ಯರ ಕಾಲಕ್ಕೆ ನನಸಾಯಿತು.

ಕರ್ಟ್ಸ್‌ಮನ್ ಮಾತ್ರ ಹೆಫ್ನರ್ ಬಳಿಗೇ ಮರಳಿದ್ದ. ಗುಡ್‌ಮನ್ ಬೀವರ್‌ನ ಸ್ತ್ರೀರೂಪದಂತಿದ್ದ ‘ಲಿಟ್ಲ್ ಆನಿ ಫ್ಯಾನಿ’ 1962ರ ಅಕ್ಟೋಬರ್‌ನಿಂದ 1988ರವರೆಗೆ ‘ಪ್ಲೇಬಾಯ್’ನಲ್ಲಿ ನೂರಕ್ಕೂ ಹೆಚ್ಚು ಕಂತುಗಳಲ್ಲಿ ಬಂತು. ವಿಲ್ ಎಲ್ಡರ್ ಪ್ರತಿ ಪುಟವನ್ನೂ ವರ್ಣಚಿತ್ರದಂತೆ ರಚಿಸಿದ. ಅದರ ಚಿತ್ರಕಲೆಯನ್ನು ಎಲ್ಲರೂ ಮೆಚ್ಚಿದರು. ಆದರೆ ಶೃಂಗಾರದ ಸರಕಿಗೆ ಕಟ್ಟುಬಿದ್ದು, ಹೆಫ್ನರ್‌ನ ತಿದ್ದುಪಡಿಗಳಿಗೆ ತಲೆಬಾಗಿ ಆತನ ವಿಡಂಬನೆ ಮೊನೆ ಕಳೆದುಕೊಂಡಿತೆಂದು ಹಲವು ವಿಮರ್ಶಕರು ಮರುಗಿದ್ದಾರೆ. ಶೇಕಡಾ 51 ಕೇಳಿ ‘ಮ್ಯಾಡ್’ ತೊರೆದವನು, ಅನ್ನದ ಪ್ರಶ್ನೆ ಬಂದಾಗ 26 ವರ್ಷ ಬೇರೊಬ್ಬನ ಅಂಕೆಯಲ್ಲಿ ದುಡಿದ.

ಮೇಷ್ಟ್ರು

1973ರಿಂದ ಕರ್ಟ್ಸ್‌ಮನ್ ನ್ಯೂಯಾರ್ಕ್‌ನ ಸ್ಕೂಲ್ ಆಫ್ ವಿಷುಯಲ್ ಆರ್ಟ್ಸ್‌ನಲ್ಲಿ ವಿಡಂಬನಾ ಚಿತ್ರಕಲೆ ಬೋಧಿಸಿದ. 1980ರ ದಶಕದ ಮಧ್ಯದಲ್ಲಿ ಎಲ್ಡರ್ ಜತೆ ‘ಮ್ಯಾಡ್’ಗೆ ಮರಳಿ ಕೆಲವು ಪುಟಗಳನ್ನು ಬರೆದ. 1988ರಲ್ಲಿ ಕಾಮಿಕ್ಸ್ ಕ್ಷೇತ್ರದ ವಾರ್ಷಿಕ ಪ್ರಶಸ್ತಿಗೆ ಆತನ ಗೌರವಾರ್ಥ ‘ಹಾರ್ವಿ’ ಎಂದು ನಾಮಕರಣ ಮಾಡಲಾಯಿತು. ಪಾರ್ಕಿನ್ಸನ್ ಕಾಯಿಲೆ ಕೊನೆಯ ವರ್ಷಗಳಲ್ಲಿ ಕೈಯನ್ನು ಕಟ್ಟಿಹಾಕಿತು. 1993ರ ಫೆಬ್ರವರಿ 21ರಂದು, 68ರ ವಯಸ್ಸಿನಲ್ಲಿ, ಯಕೃತ್ತಿನ ಕ್ಯಾನ್ಸರಿನಿಂದ ಆತ ನಿಧನನಾದ. ‘ಮೌಸ್’ ಕೃತಿಗೆ ಅದರ ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಗೌರವ ಪಡೆದಿದ್ದ ಆರ್ಟ್ ಸ್ಪೀಗಲ್‌ಮನ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಚಿತ್ರರೂಪದ ಶ್ರದ್ಧಾಂಜಲಿ ಅರ್ಪಿಸಿದ. ಬ್ರಿಟಿಷ್ ಲೇಖಕ ಅಲನ್ ಮೂರ್ ಅತಿಮಾನವ ನಾಯಕರನ್ನು ಹೊಸ ಕಣ್ಣಿನಿಂದ ನೋಡಲು ‘ಸೂಪರ್‌ಡ್ಯೂಪರ್‌ಮ್ಯಾನ್!’ ಪ್ರೇರಣೆಯಾಯಿತೆಂದು ಒಪ್ಪಿಕೊಂಡಿದ್ದಾನೆ.

‘ಮ್ಯಾಡ್’ ಪತ್ರಿಕೆ 2019ರಲ್ಲಿ ಸಾಮಾನ್ಯ ಅಂಗಡಿಗಳ ಮಾರಾಟದಿಂದ ಹಿಂದೆ ಸರಿದು, ಬಹುಪಾಲು ಹಳೆಯ ಬರಹಗಳ ಮರುಮುದ್ರಣಕ್ಕೆ ಸೀಮಿತವಾಯಿತು. ಕರ್ಟ್ಸ್‌ಮನ್ ಕಲಿಸಿದ ಅಭ್ಯಾಸ ಆ ಪತ್ರಿಕೆಯ ಹೊರಗೂ ಹರಡಿದೆ. ಜಾಹೀರಾತು, ಟಿ.ವಿ., ಸಿನಿಮಾ, ರಾಜಕಾರಣಿಯ ಭಾಷಣ ಇವುಗಳನ್ನು ಕಂಡಾಗ ‘ಇದರಲ್ಲಿ ನಮ್ಮಿಂದ ಮುಚ್ಚಿಟ್ಟದ್ದೇನು?’ ಎಂದು ಕೇಳುವುದೇ ಆ ಅಭ್ಯಾಸ. ಕೊರಿಯಾದ ರೈತನ ಕುಸಿದ ಮನೆಯನ್ನು ಚಿತ್ರಿಸಿದಾಗಲೂ, ಕೈಗವಸಿಲ್ಲದ ಪ್ರಾಣಿಯನ್ನು ಪೊಲೀಸರ ವಶಕ್ಕೆ ಕೊಟ್ಟಾಗಲೂ ಆತ ಕೇಳಿದ್ದು ಇದೊಂದೇ ಪ್ರಶ್ನೆ.

ಮುಖ್ಯ ಘಟ್ಟಗಳು

1924: ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಜನನ
1946: ಟೈಮ್ಲಿ ಸಂಸ್ಥೆಗೆ ‘ಹೇ ಲುಕ್!’ ಆರಂಭ
1950–51: ‘ಟೂ-ಫಿಸ್ಟೆಡ್ ಟೇಲ್ಸ್’, ‘ಫ್ರಂಟ್‌ಲೈನ್ ಕಾಂಬ್ಯಾಟ್’ ಸಂಪಾದಕ
1952: ‘ಮ್ಯಾಡ್’ ಮೊದಲ ಸಂಚಿಕೆ
1955: ‘ಮ್ಯಾಡ್’ ನಿಯತಕಾಲಿಕವಾಗಿ ರೂಪಾಂತರ
1956: ‘ಮ್ಯಾಡ್’ನಿಂದ ನಿರ್ಗಮನ
1957: ‘ಟ್ರಂಪ್’, ಬಳಿಕ ‘ಹಂಬಗ್’
1959: ‘ಜಂಗಲ್ ಬುಕ್’
1960–65: ‘ಹೆಲ್ಪ್!’
1962–88: ‘ಲಿಟ್ಲ್ ಆನಿ ಫ್ಯಾನಿ’
1973: ಸ್ಕೂಲ್ ಆಫ್ ವಿಷುಯಲ್ ಆರ್ಟ್ಸ್‌ನಲ್ಲಿ ಬೋಧನೆ ಆರಂಭ
1988: ‘ಹಾರ್ವಿ’ ಪ್ರಶಸ್ತಿಗಳ ಸ್ಥಾಪನೆ
1993: ನಿಧನ